ಈ ಚಳಿಯಲ್ಲಿ ನಾಯಿಯನ್ನು ಅಂಗಳದಲ್ಲೇ ಮಲಗಿಸಬಹುದಾ?

ತೋಟದಮನೆ ಸೊಸೆ:
ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಒಂಟಿ ಮನೆ. ಎರಡು ನಾಯಿ ಇವೆ. ಕರಿಯ ಊರ ನಾಯಿ, ಹುಟ್ಟಿದ್ದೇ ನಮ್ಮ ಕೊಟ್ಟಿಗೆಯಲ್ಲಿ. ಇನ್ನೊಂದು ಪಿಂಕಿ, ಪಗ್ ಜಾತಿ. ಮೈದುನ ಬೆಂಗಳೂರಿನ ಫ್ಲಾಟಲ್ಲಿ ಸಾಕಿಕೊಂಡಿದ್ದ. ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು, ನಮಗೆ ಪಿಂಕಿ ಸಿಕ್ಕಳು.

ಈಗ ಅಡಿಕೆ ಗೊನೆ ಕೊಯ್ಲು ಜೋರಾಗಿದೆ. ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಒಣಗ್ತಾ ಇದೆ, ರಾತ್ರಿ ಕಾವಲು ಬೇಕೇ ಬೇಕು. ಮಾವನವರದ್ದು ಒಂದೇ ಮಾತು: "ನಾಯಿ ಅಂದಮೇಲೆ ಹೊರಗೇ ಇರಬೇಕು, ಒಳಗೆ ಹಾಸಿಗೆ ಹಾಸೋಕೆ ಅದೇನು ನೆಂಟರಾ?" ಅತ್ತೆಗೆ ಮಡಿ ಚಿಂತೆ. ನಾದಿನಿ ಟೊರೊಂಟೊದಲ್ಲಿದ್ದಾಳೆ. ವಿಡಿಯೋ ಕಾಲಲ್ಲಿ ನಾಯಿಗಳನ್ನು ನೋಡಿ, "ಅತ್ತಿಗೆ, ಇಲ್ಲಿ ಹೀಗೆ ಬಿಟ್ಟರೆ ಪಕ್ಕದ ಮನೆಯವರೇ ದೂರು ಕೊಡ್ತಾರೆ" ಅಂತ ಶುರು ಮಾಡಿದಳು. ಮೂರು ಜನರ ಮಧ್ಯೆ ನಾನು.

ಕರಿಯ ರಾತ್ರಿ ಒಂದು ಸುತ್ತು ಬೊಗಳಿ, ಆಮೇಲೆ ಬಚ್ಚಲ ಒಲೆಯ ಬೂದಿಯಲ್ಲಿ ಹೋಗಿ ಮಲಗುತ್ತಾನೆ. ಬೆಳಿಗ್ಗೆ ಬಿಳಿಯ ಆಗಿ ಎದ್ದು ಬರುತ್ತಾನೆ. ಪಿಂಕಿಗೆ ಜಗುಲಿಯಲ್ಲಿ ಗೋಣಿಚೀಲ ಹಾಸಿ, ಸ್ವೆಟರ್ ಹಾಕಿದ್ದೇನೆ. ಆದರೂ ನಡುಗುತ್ತಾಳೆ. ಅವಳನ್ನೂ ಕರಿಯನ ಜೊತೆ ಬಚ್ಚಲಿಗೆ ಬಿಡಲಾ? ಇಲ್ಲಾಂದ್ರೆ ಏನು ಮಾಡಲಿ?

ಸಾಗರದ ಸುಬೇದಾರ್:
ತಂಗಿ, ನಾನು ಸೇನೆಯಲ್ಲಿದ್ದಾಗ ಲಡಾಖ್ ಕಡೆ ಇದ್ದವನು. ದ್ರಾಸ್‌ನಲ್ಲಿ ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಂಥಲ್ಲೂ ಹಿಮದ ಮೇಲೆ ಸುರುಳಿ ಸುತ್ತಿ, ಬಾಲ ಮೂಗಿನ ಮೇಲೆ ಹಾಕಿಕೊಂಡು ಮಲಗುವ ನಾಯಿಗಳಿವೆ. ಅವುಗಳ ಕೂದಲು ಬೆರಳಿಂದ ಬಿಡಿಸಿ ನೋಡಿದರೆ ಒಳಗೆ ಇನ್ನೊಂದು ಪದರ, ಒತ್ತಾದ ಉಣ್ಣೆ. ಹೊರಗಿನ ಕೂದಲ ಮೇಲೆ ಹಿಮ ಬಿದ್ದರೂ ಚರ್ಮ ಒದ್ದೆ ಆಗೋದಿಲ್ಲ. ಅದೇ ಜಾಗಕ್ಕೆ ಬಯಲುಸೀಮೆಯ ನಾಯಿ ತಂದರೆ ಕಿವಿಯ ತುದಿ, ಬಾಲದ ತುದಿ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ನೀರಿನ ಬಟ್ಟಲು ಗಟ್ಟಿ ಕಲ್ಲಾಗಿ ಕುಡಿಯೋಕೂ ಗತಿ ಇರಲ್ಲ.

ನಿಮ್ಮ ನಾದಿನಿ ಹೇಳಿದ್ದು ಅವರ ಊರಿಗೆ ಸರಿ. ನಮ್ಮಲ್ಲಿ ಧನುರ್ಮಾಸದಲ್ಲೂ ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗೆ ಇಳಿಯೋದು ಅಪರೂಪ. ಕರಿಯನಿಗೆ ಅದು ಏನೂ ಅಲ್ಲ. ಆದರೆ ಪಗ್ ಕಾವಲು ನಾಯಿ ಅಲ್ಲ ತಂಗಿ, ಅದನ್ನು ಹೊರಗೆ ಕಟ್ಟಿದರೆ ಕಳ್ಳನೇ ಮರುಕಪಟ್ಟು ಎತ್ತಿಕೊಂಡು ಹೋದಾನು.

ನಿವೃತ್ತ ಪಶುವೈದ್ಯ ಪರೀಕ್ಷಕ, ಕೊಪ್ಪ:
ಸುಬೇದಾರರ ಮಾತು ಒಪ್ಪಿದೆ, ಒಂದು ಬಿಟ್ಟು. ಥರ್ಮಾಮೀಟರ್ ಮಾತ್ರ ನೋಡಿದರೆ ಮಲೆನಾಡಿನ ಚಳಿ ಅರ್ಥ ಆಗಲ್ಲ. ಇಲ್ಲಿ ನಾಯಿಗೆ ತೊಂದರೆ ಕೊಡುವುದು ಇಬ್ಬನಿ. ಬೆಳಗಿನ ಜಾವ ಅಡಿಕೆ ಸೋಗೆಯಿಂದ ತಟತಟ ಹನಿ ಬೀಳುತ್ತಲ್ಲ, ಅದೇ ನೀರು ನಿಮ್ಮ ಗೋಣಿಚೀಲದಲ್ಲೂ ಕೂತಿರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಆ ಚೀಲ ಕೈಯಲ್ಲಿ ಹಿಡಿದು ನೋಡಿ, ಒದ್ದೆಯಾಗಿ ಭಾರ ಇರುತ್ತದೆ. ಸ್ವೆಟರೂ ಅಷ್ಟೇ. ಒದ್ದೆ ಬಟ್ಟೆ ಮೈಯ ಬಿಸಿ ಎಳೆದುಕೊಳ್ಳುತ್ತದೆ, ಹಾಕದಿದ್ದರೇ ವಾಸಿ.

ಚೀಲ ತೆಗೆದು ಬೈಹುಲ್ಲು ಹಾಕಿ. ಚೆನ್ನಾಗಿ ಒಣಗಿದ್ದು, ಮೊಣಕೈ ಮುಳುಗುವಷ್ಟು. ಹುಲ್ಲಿನ ಕೊಳವೆಯಲ್ಲಿ, ಸಂದಿಯಲ್ಲಿ ಗಾಳಿ ನಿಂತು ಬೆಚ್ಚಗಿರುತ್ತದೆ. ನಾಯಿ ತಾನೇ ಕೆದರಿ ಗೂಡು ಮಾಡಿಕೊಳ್ಳುತ್ತದೆ. ಕರಿಯನಿಗೆ ಚಪ್ಪರದ ಹತ್ತಿರ ಹಲಗೆಯ ಗೂಡು ಮಾಡಿಸಿ, ನೆಲದಿಂದ ಒಂದು ಗೇಣು ಎತ್ತರಕ್ಕೆ. ದೊಡ್ಡ ಗೂಡು ಬೇಡ. ಒಳಗೆ ಹೋಗಿ ತಿರುಗಿ ಮಲಗುವಷ್ಟು ಸಾಕು, ಅವನ ಮೈಬಿಸಿಗೇ ಗೂಡು ಕಾಯಬೇಕು. ಬಾಗಿಲು ಮನೆ ಗೋಡೆಯ ಕಡೆ ಇರಲಿ. ಈಗ ಗಾಳಿ ಮೂಡಣದಿಂದ, ಮಳೆಗಾಲದಲ್ಲಿ ಪಡುವಣದಿಂದ, ಗೋಡೆ ಅಡ್ಡ ಇದ್ದರೆ ಎರಡೂ ನೇರ ಒಳಗೆ ನುಗ್ಗಲ್ಲ.

ಪಿಂಕಿಯನ್ನು ಬಚ್ಚಲಿಗೆ ಬಿಡಬೇಡಿ. ಚಪ್ಪಟೆ ಮೂಗಿನ ನಾಯಿಗೆ ಉಸಿರಾಟವೇ ಕಷ್ಟ, ಹೊಗೆ ಸೇರಿದರೆ ಮುಗೀತು. ಬೂದಿಯೊಳಗೆ ಕೆಂಡ ಉಳಿದಿರುತ್ತದೆ ಅನ್ನೋದು ಕರಿಯನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು ಒಳಗೇ ಮಲಗಲಿ.

ನಾಯಿಯ ಮೈಬಿಸಿ ಸಾಧಾರಣ 38ರಿಂದ 39 ಡಿಗ್ರಿ ಇರುತ್ತದೆ. ನಡುಗುವುದು ಆ ಬಿಸಿ ಉಳಿಸಿಕೊಳ್ಳುವ ದಾರಿ. ನಡುಗುತ್ತಿದ್ದ ನಾಯಿ ನಡುಕ ನಿಲ್ಲಿಸಿ ಮಂಕಾಗಿ ಬಿದ್ದುಕೊಂಡರೆ ಮಾತ್ರ ಗಾಬರಿ ಆಗಬೇಕು. ಒಣಬಟ್ಟೆ ಸುತ್ತಿ, ಒಳಗೆ ತಂದು, ಡಾಕ್ಟರಿಗೆ ಫೋನ್ ಮಾಡಿ. ಇನ್ನೊಂದು, ಯಾರಾದರೂ "ಚಳಿಗೆ ಒಂದು ಮುಚ್ಚಳ ಬ್ರಾಂದಿ ಹಾಕಿ" ಅಂದರೆ ಕೇಳಬೇಡಿ. ಬ್ರಾಂದಿ ಚರ್ಮದ ರಕ್ತನಾಳ ಹಿಗ್ಗಿಸಿ ಇದ್ದ ಬಿಸಿಯನ್ನೂ ಹೊರಗೆ ಹಾಕುತ್ತದೆ. ನಾಯಿಗೆ ಅದು ವಿಷವೇ. ಈ ಸಲಹೆ ಕೊಡುವವರು ಉಳಿದದ್ದನ್ನು ತಾವೇ ಕುಡಿಯುವವರು ಅನ್ನೋದು ನನ್ನ ಸರ್ವಿಸ್ಸಿನ ಅನುಭವ.

ಹೊಸನಗರದ ಹುಡುಗ:
ಎಲ್ಲರೂ ಚಳಿ ಚಳಿ ಅಂತಿದ್ದೀರಿ. ಒಂಟಿ ಮನೆ, ಆಗುಂಬೆ ಕಡೆ ಅಂದಮೇಲೆ ಚಿರತೆ ವಿಷಯ ಯಾರೂ ಎತ್ತಲಿಲ್ಲವಲ್ಲ? ನಮ್ಮ ಕೇರಿಯಲ್ಲಿ ಹೋದ ನಾಯಿಗಳೆಲ್ಲ ಹೋಗಿದ್ದು ರಾತ್ರಿ ಹೊತ್ತು, ಅಂಗಳದಿಂದಲೇ. ನಮ್ಮನೇಲಿ ಬೆಳಿಗ್ಗೆ ನೋಡಿದರೆ ಸರಪಳಿ ಮತ್ತು ಕಿತ್ತ ಬೆಲ್ಟು ಅಷ್ಟೇ. ಕಟ್ಟಿ ಹಾಕಿದ ನಾಯಿ ಓಡಲೂ ಆಗಲ್ಲ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗೆ ಮೊಳೆ ಇರುವ ಕಬ್ಬಿಣದ ಪಟ್ಟಿ ಹಾಕುತ್ತಾರೆ, ಚಿರತೆ ಮೊದಲು ಹಿಡಿಯೋದೇ ಕುತ್ತಿಗೆ. ಗೂಡು ಮಾಡಿಸುವುದಾದರೆ ಸರಳಿನ ಬಾಗಿಲು, ಚಿಲಕ ಇಡಿಸಿ. ಒಳಗಿಂದ ಬೊಗಳಿದರೂ ಕಳ್ಳ ಓಡುತ್ತಾನೆ.

ತೋಟದಮನೆ ಸೊಸೆ:
ಗೋಣಿಚೀಲ ಹಿಂಡಿ ನೋಡಿದೆ ಸರ್, ಕೈಯೆಲ್ಲ ಒದ್ದೆ. ಚಿರತೆ ವಿಷಯ ಹೇಳಿದ್ದೇ ತಡ, ಮಾವನವರೇ ಬಡಗಿಗೆ ಫೋನ್ ಮಾಡಿದರು. ಚಳಿಗೆ ಬಗ್ಗದವರು ಚಿರತೆಗೆ ಬಗ್ಗಿದರು. ಪಿಂಕಿಗೆ ಅಡಿಕೆ ಮೂಟೆ ಇಡುವ ಕೋಣೆ ಅಂತ ಅತ್ತೆಯೂ ಒಪ್ಪಿದ್ದಾರೆ. ಅಡುಗೆಮನೆ ಹೊಸ್ತಿಲು ದಾಟಬಾರದು ಅಂತ ಷರತ್ತು.

ಸೊರಬದ ಅಕ್ಕ:
ಒಳಗೆ ಬಿಡ್ತೀರಿ ಅಂದರೆ ಇದನ್ನೂ ಕೇಳಿಬಿಡಿ. ಇದು ಉಣುಗಿನ ಕಾಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಡಿಸೆಂಬರಿಂದ ಮೇವರೆಗೆ ಅದರ ಹಾವಳಿ ಜಾಸ್ತಿ. ಕಾಡಿನ ದರಗಿನಲ್ಲಿ ತಿರುಗಿ ಬಂದ ನಾಯಿ ಮೈಮೇಲೆ ಉಣುಗು ಹೊತ್ತು ತರುತ್ತದೆ. ಕರಿಯ, ಪಿಂಕಿ ಇಬ್ಬರದೂ ಕಿವಿಯ ಒಳಗೆ, ಕಾಲ್ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ ದಿನಾ ನೋಡಿ. ಕಂಡರೆ ಬರಿಗೈಯಲ್ಲಿ ಹಿಸುಕಬೇಡಿ. ಚಿಮಟದಲ್ಲಿ ಬುಡಕ್ಕೆ ಹಿಡಿದು ನೇರ ಎಳೆಯಿರಿ. ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಮನುಷ್ಯರಿಗೆ, ಅದನ್ನು ನಾಯಿಗೆ ಬಳಿಯಬೇಡಿ. ತೋಟಕ್ಕೆ ಹೊಡೆಯುವ ಔಷಧಿಯನ್ನಂತೂ ಮುಟ್ಟಲೇಬೇಡಿ, ನಾಯಿ ಮೈ ನೆಕ್ಕಿಕೊಳ್ಳುತ್ತದೆ. ನಾಯಿಯ ತೂಕ ಹೇಳಿದರೆ ಪಶು ಆಸ್ಪತ್ರೆಯಲ್ಲಿ ಸರಿಯಾದ ಔಷಧಿ ಬರೆದುಕೊಡುತ್ತಾರೆ. ಗೂಡಿನ ಬೈಹುಲ್ಲನ್ನೂ ಆಗಾಗ ತೆಗೆದು ಸುಟ್ಟು, ಹೊಸದು ಹಾಕಿ.