ಕೇಸು ಮುಗಿದು ಎಷ್ಟೋ ವರ್ಷ ಆದ್ರೂ ಪೊಲೀಸ್ ಕಂಪ್ಯೂಟರಲ್ಲಿ ಹೆಸರು ಹಾಗೇ ಉಂಟು, ಇಂಥ ಸಿಸ್ಟಮ್ ಮಾಡುವಾಗ ಪ್ರೈವೆಸಿ ಯಾರಾದ್ರೂ ನೋಡ್ತಾರಾ?

ಕಾಪು_ಲೈಟ್‌ಹೌಸ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಓದಿ.

ನನ್ನ ತಮ್ಮನಿಗೆ ದೋಹಾದಲ್ಲಿ ಕೆಲಸ ಆಗಿತ್ತು. ಆಫರ್ ಲೆಟರ್ ಬಂದಿತ್ತು, ಮೆಡಿಕಲ್ ಆಗಿತ್ತು, ಪಿಸಿಸಿ, ಅಂದ್ರೆ ಕೇಸು ಇಲ್ಲ ಅಂತ ಪೊಲೀಸರ ಸರ್ಟಿಫಿಕೇಟ್, ಒಂದೇ ಬಾಕಿ ಇದ್ದದ್ದು. ಮಂಗಳೂರು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಅರ್ಜಿ ಕೊಟ್ಟು ಬಂದ, ಆಮೇಲೆ ವೆರಿಫಿಕೇಶನ್‌ಗೆ ಠಾಣೆಯಿಂದ ಫೋನ್ ಬಂತು, ಅವನ ಜೊತೆ ನಾನೂ ಅಮ್ಮನೂ ಹೋದ್ವು. ಕಾನ್‌ಸ್ಟೇಬಲ್ ಒಳ್ಳೇ ಮನುಷ್ಯ, ಕೂತ್ಕೊಳ್ಳಿ ಅಂದ್ರು, ಹೆಸರು ಅಪ್ಪನ ಹೆಸರು ಹಾಕಿ ಎಂಟರ್ ಒತ್ತಿದ್ರು, 2016ರ ಒಂದು ಕೇಸು ಎದ್ದು ಬಂತು. ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ್ರು, "ಇದು ನೀವೇ ಅಲ್ವಾ?" ಅಂತ.

ಹೌದು ಅವನೇ. ಜಾಗದ ತಕರಾರಲ್ಲಿ ಪಕ್ಕದವರು ಸುಳ್ಳು ಕಂಪ್ಲೇಂಟ್ ಕೊಟ್ಟಿದ್ರು, ಪೊಲೀಸರೇ ತನಿಖೆ ಮಾಡಿ ಕೇಸಲ್ಲಿ ಹುರುಳಿಲ್ಲ ಅಂತ ಬಿ ರಿಪೋರ್ಟ್ ಹಾಕಿದ್ರು, 2018ರಲ್ಲಿ ಕೋರ್ಟು ಅದನ್ನು ಒಪ್ಪಿ ಮುಗಿಸಿತು. ನಮ್ಮ ಮಟ್ಟಿಗೆ ಅದು ಮುಗಿದ ಕಥೆ. ಆದ್ರೆ ಸ್ಕ್ರೀನಲ್ಲಿ ಸ್ಟೇಟಸ್ ಅನ್ನುವಲ್ಲಿ ಈಗಲೂ ಅಂಡರ್ ಇನ್‌ವೆಸ್ಟಿಗೇಶನ್ ಅಂತಲೇ ಉಂಟು! ಅಮ್ಮ ಪ್ಲಾಸ್ಟಿಕ್ ಕವರಲ್ಲಿ ಹಳೇ ಕಾಗದ ಎಲ್ಲ ಕಟ್ಟಿ ತಂದಿದ್ರು, ಅದ್ರಲ್ಲಿ ಆರ್ಡರ್ ಕಾಪಿ ಮಾತ್ರ ಇರಲಿಲ್ಲ. ಆರು ವಾರ ಓಡಾಡಿದ್ವು. ಅಷ್ಟರಲ್ಲಿ ಕಂಪನಿಯವರು ಆ ಕೆಲಸ ಬೇರೆಯವರಿಗೆ ಕೊಟ್ರು.

ನನ್ನ ಪ್ರಶ್ನೆ ಇಷ್ಟೇ. ಇಡೀ ದೇಶದ ಠಾಣೆಗಳನ್ನು ಜೋಡಿಸುವ ಇಂಥ ಸಿಸ್ಟಮ್ ಶುರು ಮಾಡುವ ಮೊದ್ಲು, ಇದ್ರಲ್ಲಿ ತಪ್ಪಿದ್ರೆ ಯಾರಿಗೆ ಎಂತ ತೊಂದ್ರೆ ಆಗ್ತದೆ, ಅದನ್ನು ಸರಿ ಮಾಡುದು ಯಾರು, ಎಷ್ಟು ವರ್ಷ ಇಟ್ಕೊಳ್ಳುದು ಅಂತ ಯಾರಾದ್ರೂ ಕೂತು ಯೋಚನೆ ಮಾಡಿ ಬರೆದಿಡ್ತಾರಾ? ಅಮೆರಿಕದಲ್ಲಿ ಹಾಗೊಂದು ಕಡ್ಡಾಯ ಉಂಟು ಅಂತ ಕೇಳಿದೆ. ನಮ್ಮಲ್ಲಿ ಉಂಟಾ? ಇದ್ರೆ ನೋಡ್ಲಿಕ್ಕೆ ಸಿಗ್ತದಾ?

ಮಲ್ಪೆ_ಬಂದರು

ಅಕ್ಕ, ನಿಮ್ಮ ತಮ್ಮನಿಗೆ ಆದದ್ದು ಅನ್ಯಾಯವೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಹೇಳ್ತೇನೆ, ಸಿಸ್ಟಮ್ಮೇ ಬೇಡ ಅನ್ನುವ ಕಡೆಗೆ ಮಾತು ಹೋಗುದು ಬೇಡ. ನಾವು ಬೋಟಿನವರು. 26/11ಕ್ಕೆ ಬಂದವರು ಗುಜರಾತಿನ ಮೀನುಗಾರರ ಕುಬೇರ್ ಬೋಟನ್ನು ಹಿಡಿದೇ ಮುಂಬೈಗೆ ಬಂದದ್ದು. ಆಮೇಲೆ ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್ ಬಂತು, ನನ್ನ ಅಪ್ಪ ಬೆರಳು ಕೊಟ್ಟು ಮಾಡಿಸಿದ್ರು, ಕಡಲಿಗೆ ಹೋಗುವಾಗ ಅಂಗಿ ಕಿಸೆಯಲ್ಲಿ ಇಟ್ಕೊಂಡೇ ಹೋಗ್ತಾರೆ. ಕರಾವಳಿ ಕಾವಲು ಪೊಲೀಸರು ನಡುಕಡಲಲ್ಲಿ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಗುರುತು ಬೇಕಲ್ಲ.

ಆದ್ರೆ ನಿಮ್ಮ ಪೋಸ್ಟ್ ಓದಿದ ಮೇಲೆ ತಲೆಗೆ ಬಂತು, ಅಪ್ಪನ ಆ ಬೆರಳಚ್ಚು ಎಲ್ಲಿ ಉಂಟು, ಯಾರೆಲ್ಲ ನೋಡ್ಬಹುದು ಅಂತ ನಮಗೆ ಒಬ್ಬರೂ ಹೇಳಿದ್ದಿಲ್ಲ. ಕೇಳ್ಬೇಕು ಅಂತ ನಮಗೂ ಅನಿಸಿರಲಿಲ್ಲ.

ಕೊಂಚಾಡಿ_ಕೋಡರ್

ಇದ್ರ ಬಗ್ಗೆ ಸ್ವಲ್ಪ ಬರೀತೇನೆ. ನನ್ನ ಕೆಲಸ ಸಾಫ್ಟ್‌ವೇರ್, ಹಿಂದೆ ಒಂದು ಪ್ರಾಜೆಕ್ಟಿಗೆ ಬೇಕು ಅಂತ ಅಮೆರಿಕದ ಈ ದಾಖಲೆಗಳನ್ನು ರಾತ್ರಿ ಕೂತು ಓದಿದವ.

ಅಲ್ಲಿ ಹೆಸರು ಪ್ರೈವೆಸಿ ಇಂಪ್ಯಾಕ್ಟ್ ಅಸೆಸ್‌ಮೆಂಟ್, ಪಿಐಎ. 2002ರ ಇ-ಗವರ್ನಮೆಂಟ್ ಆಕ್ಟಿನ ಸೆಕ್ಷನ್ 208 ಪ್ರಕಾರ ಫೆಡರಲ್ ಇಲಾಖೆ ಜನರ ಮಾಹಿತಿ ತೆಗೊಳ್ಳುವ ಹೊಸ ಸಿಸ್ಟಮ್ ಕಟ್ಟುವ ಅಥವಾ ಖರೀದಿ ಮಾಡುವ ಮೊದ್ಲೇ ಇದನ್ನು ಬರೀಬೇಕು, ಸಾಧ್ಯ ಇದ್ದಷ್ಟೂ ಪಬ್ಲಿಕ್ ಮಾಡ್ಬೇಕು. ಎಂತ ತೆಗೊಳ್ತೀರಿ, ಯಾಕೆ, ಯಾರಿಗೆ ಕೊಡ್ತೀರಿ, ಎಷ್ಟು ವರ್ಷ ಇಡ್ತೀರಿ, ತಪ್ಪಿದ್ರೆ ಜನ ಎಲ್ಲಿಗೆ ಬರ್ಬೇಕು, ಪ್ರತಿಯೊಂದು ಕಡೆ ಅಪಾಯ ಎಂತ ಅದಕ್ಕೆ ನೀವು ಎಂತ ಮಾಡಿದ್ದೀರಿ, ಇದೆಲ್ಲ ಸಾದಾ ಭಾಷೆಯಲ್ಲಿ. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಗಂತೂ ಪ್ರೈವೆಸಿ ಆಫೀಸರ್ ಇರಲೇಬೇಕು ಅಂತ ಇಲಾಖೆ ಹುಟ್ಟಿಸಿದ ಕಾನೂನಲ್ಲೇ ಬರೆದದ್ದುಂಟು. ಅವರ ಪಿಐಎಗಳು ಅವರ ವೆಬ್‌ಸೈಟಲ್ಲೇ ಸಿಗ್ತವೆ, ನಾನು ಮಂಗಳೂರಲ್ಲಿ ಕೂತು ಓದಿದ್ದು ಹಾಗೇ.

ಒಂದು ಉದಾಹರಣೆ. ಅಲ್ಲಿನ ಏರ್‌ಪೋರ್ಟಲ್ಲಿ ಇಮಿಗ್ರೇಶನ್ ಕ್ಯಾಮೆರಾ ಮುಖ ತೆಗೀತದಲ್ಲ, ಆ ಸಿಸ್ಟಮಿನ ಪಿಐಎಯಲ್ಲಿ ಅಮೆರಿಕದ ಪ್ರಜೆಯ ಫೋಟೋ 12 ಗಂಟೆಯೊಳಗೆ ಅಳಿಸ್ತೇವೆ, ವಿದೇಶಿಯರದ್ದು ಬಯೋಮೆಟ್ರಿಕ್ ಡೇಟಾಬೇಸಿಗೆ ಹೋಗಿ 75 ವರ್ಷದವರೆಗೆ ಇರ್ತದೆ ಅಂತ ಇದ್ದದ್ದು. ನಮ್ಮೂರಿಂದ ಮಕ್ಕಳನ್ನು ನೋಡ್ಲಿಕ್ಕೆ ಹೋಗುವ ಅಪ್ಪ ಅಮ್ಮಂದಿರ ಮುಖ ಎಲ್ಲ ಆ 75ರ ಲೆಕ್ಕದಲ್ಲಿ! ಬೇಸರದ ವಿಷಯವೇ. ಆದ್ರೆ ಅವರೇ ಬರೆದು ಹಾಕಿದ್ದರಿಂದ ಗೊತ್ತಾಯ್ತು, ಬರೆದು ಹಾಕದಿದ್ರೆ ಜಗಳ ಮಾಡ್ಲಿಕ್ಕೂ ನಮ್ಮ ಕೈಯಲ್ಲಿ ಏನೂ ಇಲ್ಲ. ಶಂಕಿತರ ಲಿಸ್ಟಿನ ಹೆಸರಿಗೆ ಹೊಂದಿಕೆ ಆಗಿ ಏರ್‌ಪೋರ್ಟಲ್ಲಿ ಪ್ರತಿ ಸಲ ನಿಲ್ಲಿಸುವವರಿಗೆ 2007ರಿಂದ ಟ್ರಿಪ್ ಅಂತ ಒಂದು ದೂರು ವ್ಯವಸ್ಥೆ ಕೂಡ ಇಟ್ಟಿದ್ದಾರೆ, ಅಲ್ಲಿಂದ ಒಂದು ನಂಬರ್ ಕೊಡ್ತಾರೆ, ಮುಂದಿನ ಸಲ ಟಿಕೆಟ್ ಮಾಡುವಾಗ ಅದನ್ನು ಹಾಕ್ಬಹುದು.

ಅಲ್ಲಿ ಎಲ್ಲ ಸರಿ ಉಂಟು ಅಂತ ಹೇಳುದಲ್ಲ ನಾನು. ರಾಷ್ಟ್ರೀಯ ಭದ್ರತೆಯ ಸಿಸ್ಟಮ್‌ಗಳಿಗೆ ಈ ನಿಯಮವೇ ಅನ್ವಯ ಇಲ್ಲ. 1974ರ ಪ್ರೈವೆಸಿ ಆಕ್ಟ್ ಕಾಯುದು ಅವರ ಪ್ರಜೆಗಳನ್ನು ಮತ್ತೆ ಗ್ರೀನ್ ಕಾರ್ಡ್ ಇದ್ದವರನ್ನು, ಎಚ್1ಬಿಯಲ್ಲಿ ಹೋದ ನಮ್ಮವರನ್ನಲ್ಲ. ಬರೆಯುವುದೂ ಅದೇ ಇಲಾಖೆ, ಹಾಗಾಗಿ ತಾವೇ ಪೇಪರ್ ಬರೆದು ತಾವೇ ಮಾರ್ಕ್ ಹಾಕಿದ ಹಾಗೆ ಆಗುವ ಅಪಾಯ ಇದ್ದೇ ಉಂಟು.

ಅದಕ್ಕೇ ನನಗೆ ಬ್ರಿಟನ್ನಿನ ಕೇಸು ಹೆಚ್ಚು ಮುಖ್ಯ ಅನಿಸುದು. ಸೌತ್ ವೇಲ್ಸ್ ಪೊಲೀಸರು ಕಾರ್ಡಿಫಲ್ಲಿ ವ್ಯಾನಿಗೆ ಕ್ಯಾಮೆರಾ ಇಟ್ಟು ರಸ್ತೆಯಲ್ಲಿ ಹೋಗುವವರ ಮುಖ ಸ್ಕ್ಯಾನ್ ಮಾಡ್ತಿದ್ರು, 2017ರ ಡಿಸೆಂಬರಲ್ಲಿ ಪೇಟೆಗೆ ಹೋಗಿದ್ದ ಎಡ್ ಬ್ರಿಡ್ಜಸ್ ಅನ್ನುವವರು ಕೇಸು ಹಾಕಿದ್ರು. ಪೊಲೀಸರ ಹತ್ರ ಅಸೆಸ್‌ಮೆಂಟ್ ಇತ್ತು. 2020ರ ಆಗಸ್ಟಲ್ಲಿ ಅಪೀಲು ಕೋರ್ಟು ಹೇಳಿತು, ನಿಮ್ಮ ಅಸೆಸ್‌ಮೆಂಟೇ ಸರಿ ಇಲ್ಲ, ಜನರ ಖಾಸಗಿ ಬದುಕಿಗೆ ಧಕ್ಕೆಯೇ ಆಗುದಿಲ್ಲ ಅಂತ ಅಂದ್ಕೊಂಡು ಬರೆದದ್ದು ಇದು ಅಂತ. ಹುಡುಕುವವರ ಲಿಸ್ಟಿಗೆ ಯಾರ ಮುಖ ಹಾಕುದು, ವ್ಯಾನ್ ಎಲ್ಲಿ ನಿಲ್ಲಿಸುದು ಅನ್ನುದನ್ನು ಪೊಲೀಸರ ಮರ್ಜಿಗೇ ಬಿಟ್ಟದ್ದೂ ತಪ್ಪು ಅಂತು. ಕೋರ್ಟಿಗೆ ಹಿಡಿದು ನೋಡ್ಲಿಕ್ಕೆ ಒಂದು ಕಾಗದ ಇತ್ತು, ಅದ್ರಿಂದ ಇಷ್ಟಾದ್ರೂ ಆಯ್ತು.

ಹಳೇ_ರೈಟರ್

ನಾನು ಪೊಲೀಸ್ ಇಲಾಖೆಯಲ್ಲಿ ಸ್ಟೇಷನ್ ರೈಟರ್, ಅಂದ್ರೆ ಠಾಣೆಯ ದಾಖಲೆ ಬರೆಯುವವ ಆಗಿ ತುಂಬ ವರ್ಷ ಮಾಡಿ ನಿವೃತ್ತಿ ಆದವ. ಮಗಳೇ, ನಿಮ್ಮ ತಮ್ಮನ ಎಂಟ್ರಿ ಯಾಕೆ ಹಾಗೆ ಉಳೀತು ಅಂತ ನಾನು ಹೇಳಬಲ್ಲೆ.

ಎಫ್ಐಆರ್ ಆದ ಕೂಡಲೇ ಕಂಪ್ಯೂಟರಿಗೆ ಏರ್ತದೆ. ನಮ್ಮ ಕರ್ನಾಟಕದಲ್ಲಿ ಪೊಲೀಸ್ ಐಟಿ ಅನ್ನುದು, ಅದ್ರಿಂದ ದೇಶದ ಠಾಣೆಗಳನ್ನೆಲ್ಲ ಜೋಡಿಸುವ ಕೇಂದ್ರದ ಸಿಸಿಟಿಎನ್ಎಸ್‌ಗೆ ಹೋಗ್ತದೆ. ಎಫ್ಐಆರ್ ಒಂದನೇ ಫಾರ್ಮು, ತನಿಖೆ ಮುಗಿದು ಕೋರ್ಟಿಗೆ ಕೊಡುವ ಫೈನಲ್ ರಿಪೋರ್ಟು ಐದನೇದು, ಕೋರ್ಟಲ್ಲಿ ಎಂತ ಆಯ್ತು ಅನ್ನುದು ಆರನೇದು. ಒಂದನೇದನ್ನು ಬಿಡ್ಲಿಕ್ಕೆ ಬರುದಿಲ್ಲ, ಮೇಲಿನವರು ದಿನಾ ನೋಡ್ತಾರೆ. ಆರನೇದು ಬರ್ಬೇಕಾದ್ರೆ ಕೋರ್ಟ್ ಡ್ಯೂಟಿಯ ಕಾನ್‌ಸ್ಟೇಬಲ್ ಆರ್ಡರ್ ತಂದು ಕೊಡ್ಬೇಕು, ರೈಟರ್ ಕೂತು ಹಾಕ್ಬೇಕು, ಆ ದಿನ ಬಂದೋಬಸ್ತ್ ಬಂತು, ವಿಐಪಿ ಬಂದ್ರು, ಕಾಗದ ಫೈಲಲ್ಲಿ ಉಳೀತು, ಮುಂದಿನ ತಿಂಗಳು ರೈಟರಿಗೆ ವರ್ಗ. ಹೊಸಬ ಬಂದವನಿಗೆ ಅದು ಬಾಕಿ ಉಂಟು ಅಂತಲೇ ಗೊತ್ತಿರುದಿಲ್ಲ. ಇದ್ರಲ್ಲಿ ದ್ವೇಷ ಇಲ್ಲ, ಆದ್ರೆ ಹುಡುಗನ ಕೆಲಸ ಹೋಯ್ತಲ್ಲ, ಆ ನೋವು ನನಗೂ ಉಂಟು. ನಾನೂ ಅಂಥ ಫೈಲು ಬಿಟ್ಟು ಬಂದಿರಬಹುದು.

ಕೊಂಚಾಡಿ ಕೋಡರ್ ಬರೆದ ಆ ಅಸೆಸ್‌ಮೆಂಟ್ ಮೊದಲೇ ಮಾಡಿದ್ರೆ, ಆರನೇ ಫಾರ್ಮು ಬಾರದೆ ಇಷ್ಟು ದಿನ ಆಯ್ತು ಅಂತ ಸಿಸ್ಟಮ್ಮೇ ಕೆಂಪು ತೋರಿಸುವ ಹಾಗೆ ಮಾಡ್ಬಹುದಿತ್ತು. ಠಾಣೆಯಲ್ಲಿ ಕೂತು ಟೈಪ್ ಮಾಡುವವನನ್ನು ಕೇಳಿದ್ರೆ ಇದನ್ನು ಒಂದೇ ದಿನದಲ್ಲಿ ಹೇಳ್ತಿದ್ದ.

ಕುಂದಾಪುರ_ವಕೀಲೆ

ರೈಟರ್ ಸಾರ್ ಬರೆದದ್ದು ನೂರಕ್ಕೆ ನೂರು ಸರಿ, ಇಂಥ ಕ್ಲೈಂಟ್ ನನ್ನ ಹತ್ರ ಬರ್ತಾನೇ ಇರ್ತಾರೆ, ಹೆಚ್ಚಿನವರು ಗಲ್ಫಿಗೆ ಹೊರಟವರು.

ಮೊದ್ಲು ಕಾನೂನು ಹೇಳ್ತೇನೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜರ ಪೀಠ 2017ರ ಆಗಸ್ಟ್ 24ಕ್ಕೆ ಹೇಳಿತು, ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸರ್ಕಾರ ಆ ಹಕ್ಕಿಗೆ ಕೈ ಹಾಕ್ಬೇಕಾದ್ರೆ ಕಾನೂನು ಇರ್ಬೇಕು, ಸರಿಯಾದ ಉದ್ದೇಶ ಇರ್ಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರ್ಬೇಕು. ಆದ್ರೆ ಜನರ ವೈಯಕ್ತಿಕ ಮಾಹಿತಿ ಕಾಯುವ 2023ರ ಡೇಟಾ ಕಾಯ್ದೆಯಲ್ಲಿ ಅಸೆಸ್‌ಮೆಂಟ್ ಕಡ್ಡಾಯ ಇರುದು ಹೆಚ್ಚು ಅಥವಾ ಸೂಕ್ಷ್ಮ ಮಾಹಿತಿ ಇಟ್ಕೊಳ್ಳುವವರು ಅಂತ ನೋಡಿ ಸರ್ಕಾರ ಸಿಗ್ನಿಫಿಕೆಂಟ್ ಅಂತ ನೋಟಿಫೈ ಮಾಡಿದವರಿಗೆ ಮಾತ್ರ, ಸೆಕ್ಷನ್ 10. ಸೆಕ್ಷನ್ 17ರಲ್ಲಿ ಸರ್ಕಾರ ನೋಟಿಫೈ ಮಾಡಿದ ಸಂಸ್ಥೆಗಳಿಗೆ ಭದ್ರತೆ, ಸಾರ್ವಜನಿಕ ಶಾಂತಿಯ ಹೆಸರಲ್ಲಿ ಪೂರ್ತಿ ವಿನಾಯಿತಿ. ಅಪರಾಧ ತಡೆಯುವ, ತನಿಖೆ ಮಾಡುವ ಕೆಲಸಕ್ಕೂ ಹೆಚ್ಚಿನ ಭಾಗ ಅನ್ವಯ ಆಗುದಿಲ್ಲ, ಮಾಹಿತಿ ಸೋರದ ಹಾಗೆ ಭದ್ರವಾಗಿ ಇಡ್ಬೇಕು ಅನ್ನುವಂಥದ್ದು ಮಾತ್ರ ಉಳೀತದೆ.

ಇದ್ರಲ್ಲಿ ನನಗೆ ತುಂಬ ನೋವಾಗುದು ಯಾವುದು ಗೊತ್ತುಂಟಾ, ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೊಳ್ಲಿಕ್ಕೆ ಬಳಸುವ ಮಾಹಿತಿ ಪೂರ್ತಿಯಾಗಿ, ಸರಿಯಾಗಿ ಇರ್ಬೇಕು ಅಂತ ಸೆಕ್ಷನ್ 8ರಲ್ಲಿ ಒಂದು ಒಳ್ಳೇ ಮಾತು ಉಂಟು. ತನಿಖೆಯ ವಿನಾಯಿತಿಯಲ್ಲಿ ಅದೂ ಹೋಯ್ತು. ನಿಮ್ಮ ತಮ್ಮನಿಗೆ ಬೇಕಾದ ಸಾಲು ಸರಿಯಾಗಿ ಅದೇ. ಆದ್ರೆ ಪಿಸಿಸಿ ಕೊಡುದು ತನಿಖೆ ಅಲ್ಲವಲ್ಲ, ಅಲ್ಲಿ ಸರಿಯಾದ ಮಾಹಿತಿ ಕೊಡುವ ಹೊಣೆ ತಪ್ಪುದಿಲ್ಲ ಅಂತ ವಾದ ಮಾಡ್ಲಿಕ್ಕೆ ಜಾಗ ಉಂಟು. ಈ ಕಾಯ್ದೆಯ ರೂಲ್ಸ್ 2025ರ ನವೆಂಬರಲ್ಲಿ ಬಂತು, ಮುಖ್ಯ ಭಾಗಗಳು ಜಾರಿಗೆ ಬರ್ಲಿಕ್ಕೆ 18 ತಿಂಗಳು ಇಟ್ಟಿದ್ದಾರೆ.

ಬೆರಳಚ್ಚಿನ ವಿಷಯ ಬೇರೆ. 2022ರ ಕ್ರಿಮಿನಲ್ ಪ್ರೊಸೀಜರ್ ಐಡೆಂಟಿಫಿಕೇಶನ್ ಆಕ್ಟಲ್ಲಿ ಬೆರಳಚ್ಚು, ಕಣ್ಣಿನ ಸ್ಕ್ಯಾನ್ ಎಲ್ಲ ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಆದ ಎನ್‌ಸಿಆರ್‌ಬಿ 75 ವರ್ಷ ಇಡ್ಬಹುದು. ಹಿಂದೆ ಶಿಕ್ಷೆ ಆಗದವರು ವಿಚಾರಣೆ ಇಲ್ಲದೆ ಬಿಡುಗಡೆ ಆದ್ರೆ ಅಥವಾ ಖುಲಾಸೆ ಆದ್ರೆ, ಅಪೀಲೆಲ್ಲ ಮುಗಿದ ಮೇಲೆ ಅಳಿಸ್ಬೇಕು, ಕೋರ್ಟು ಕಾರಣ ಬರೆದು ಬೇಡ ಅಂದ್ರೆ ಮಾತ್ರ ಇಡುದು. ತಮ್ಮನ ಬೆರಳಚ್ಚು ಆಗ ತೆಗೆದಿದ್ರಾ ಅಂತ ಕೇಳಿ ನೋಡಿ. ಎಫ್ಐಆರ್ ಎಂಟ್ರಿ ಈ ಕಾಯ್ದೆಯಲ್ಲಿ ಬರುದಿಲ್ಲ.

ಈಗ ಮಾಡ್ಬೇಕಾದ್ದು: ಕೋರ್ಟಿನ ನಕಲು ವಿಭಾಗಕ್ಕೆ ಕಾಪಿ ಅರ್ಜಿ ಹಾಕಿ ಬಿ ರಿಪೋರ್ಟ್ ಒಪ್ಪಿದ ಆರ್ಡರಿನ ಸರ್ಟಿಫೈಡ್ ಕಾಪಿ ತೆಗೊಳ್ಳಿ, ಎರಡು ಸೆಟ್. ಒಂದು ಅರ್ಜಿ ಜೊತೆ ಠಾಣೆಗೆ, ಇನ್ನೊಂದು ಎಸ್‌ಪಿ ಕಚೇರಿಗೆ, ಎರಡೂ ಕಡೆ ಸೀಲ್ ಹಾಕಿದ ಸ್ವೀಕೃತಿ ತೆಗೊಳ್ಳದೆ ಬರ್ಬೇಡಿ. ಸರಿ ಮಾಡದಿದ್ರೆ ಹೈಕೋರ್ಟಿಗೆ ರಿಟ್ ಹಾಕ್ಲಿಕ್ಕೆ ಆ ಸ್ವೀಕೃತಿಯೇ ಆಧಾರ.

ಕಾಪು_ಲೈಟ್‌ಹೌಸ್

ವಕೀಲ್ರೆ, ರೈಟರ್ ಸಾರ್, ಎಲ್ರಿಗೂ ತುಂಬ ಥ್ಯಾಂಕ್ಸ್. ರೈಟರ್ ಸಾರ್ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಓದಿಸಿದ್ರು.

ನಾನು ಒಂದು ಆರ್‌ಟಿಐ ಹಾಕುವ ಅಂತ ಇದ್ದೇನೆ. ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ಪೊಲೀಸ್ ಐಟಿ ಸಿಸ್ಟಮ್ ಶುರು ಮಾಡುವ ಮೊದಲು ಖಾಸಗಿತನದ ಪರಿಶೀಲನೆ ಯಾಕೆ ಮಾಡಿಲ್ಲ? ಮುಗಿದ ಕೇಸುಗಳನ್ನು ಯಾಕೆ ಅಪ್‌ಡೇಟ್ ಮಾಡುದಿಲ್ಲ? ಇದಕ್ಕೆ ಯಾರು ಹೊಣೆ?"

ಕುಂದಾಪುರ_ವಕೀಲೆ

"ಯಾಕೆ" ಅಂತ ಕೇಳಿದ್ರೆ ಅದು ಮಾಹಿತಿ ಅಲ್ಲ ಅಂತ ಒಂದು ಸಾಲಲ್ಲಿ ವಾಪಸ್ ಕಳಿಸ್ತಾರೆ. ದಾಖಲೆಯ ಪ್ರತಿ ಕೇಳಿ. ಸಿಸ್ಟಮ್ ಶುರು ಮಾಡುವಾಗ ಅಥವಾ ಆಮೇಲೆ ಖಾಸಗಿತನದ ಪರಿಶೀಲನೆ ಮಾಡಿದ್ರೆ ಆ ವರದಿಯ ಪ್ರತಿ ಕೊಡಿ, ಮಾಡದಿದ್ರೆ ಇಲ್ಲ ಅಂತ ಬರೆದು ಕೊಡಿ. ಕೋರ್ಟ್ ಆರ್ಡರ್ ಆದ ಮೇಲೆ ಎಷ್ಟು ದಿನದಲ್ಲಿ ಎಂಟ್ರಿ ತಿದ್ದಬೇಕು ಅನ್ನುವ ಸುತ್ತೋಲೆಯ ಪ್ರತಿ. ತಪ್ಪು ಎಂಟ್ರಿ ತಿದ್ದಲು ಅಧಿಕಾರ ಇರುವ ಹುದ್ದೆ ಯಾವುದು ಅನ್ನುವ ಆದೇಶದ ಪ್ರತಿ, ಹುದ್ದೆ ಕೇಳಿ, ವ್ಯಕ್ತಿಯ ಹೆಸರು ಬೇಡ, ಈಗ ವೈಯಕ್ತಿಕ ಮಾಹಿತಿ ಅಂತ ನಿರಾಕರಿಸುದು ಸುಲಭ ಆಗಿದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಎಣಿಸಿ ಹಾಕಿ. ಹತ್ತು ರೂಪಾಯಿ ಫೀಸು, 30 ದಿನ ಟೈಮು, ಉತ್ತರ ಬಾರದಿದ್ರೆ ಮೊದಲ ಮೇಲ್ಮನವಿ.

ಮಲ್ಪೆ_ಬಂದರು

ಅಕ್ಕ, ಹಾಕುವಾಗ ಒಂದು ಕಾಪಿ ಇಲ್ಲಿ ಹಾಕಿ. ಮೀನುಗಾರರ ಕಾರ್ಡಿಗೆ ನಾನೂ ಅದೇ ನಮೂನೆಯಲ್ಲಿ ಒಂದು ಕೇಳ್ತೇನೆ, ಅಪ್ಪ ಸಹಿ ಹಾಕ್ತೇನೆ ಅಂದಿದ್ದಾರೆ.

ಕಾಪು_ಲೈಟ್‌ಹೌಸ್

ಆಯ್ತು. 132 ಪದಕ್ಕೆ ತಂದಿದ್ದೇನೆ, ರಾತ್ರಿ ಇಲ್ಲಿ ಹಾಕ್ತೇನೆ. ಸೋಮವಾರ ಬೆಳಿಗ್ಗೆ ತಮ್ಮ ನಕಲು ವಿಭಾಗಕ್ಕೆ ಹೋಗ್ತಾನೆ, ಕೇಸ್ ನಂಬರ್ ಅಮ್ಮನ ಪ್ಲಾಸ್ಟಿಕ್ ಕವರಲ್ಲೇ ಒಂದು ಸಮನ್ಸಿನ ಹಿಂದೆ ಬರೆದದ್ದು ಸಿಕ್ಕಿತು.