ಬೇಯಿಸಿದ ಕ್ಲೇ ಮಣಿಗಳು ಅಂಟಂಟಾಗುತ್ತಿವೆ, ಯಾಕೆ?

ಮಣಿಸರ:
ತಲೆ ಕೆಟ್ಟುಹೋಗಿದೆ. ಪಾಲಿಮರ್ ಕ್ಲೇ (ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಮಣಿ ಬೇಯಿಸಿ, ಹೊಳಪು ಕೊಟ್ಟು, ಸರ ಪೋಣಿಸಿಟ್ಟಿದ್ದೆ. ಮೊದಲು ಥಳಥಳ ಅಂತಿದ್ದವು. ಈಗ ಮುಟ್ಟಿದರೆ ಜಿಗುಟು. ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಿದರೆ ಸಿಪ್ಪೆ ಏಳುತ್ತದೆ. ನಾನು ಎಲ್ಲಾ ಸರಿಯಾಗೇ ಮಾಡಿದ್ದೇನೆ. ಆರ್ಡರ್ ಕೊಟ್ಟವರು ಬೇರೆ ಕೇಳುತ್ತಿದ್ದಾರೆ.

ಓವನ್‌ಪ್ರಿಯ:
ಬೆಂದಿಲ್ಲ, ಅಷ್ಟೇ. ಓವನ್ ಡಯಲ್ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಯಾವ ಬ್ರ್ಯಾಂಡ್ ಕ್ಲೇ? ಫಿಮೋಗೆ 110 ಡಿಗ್ರಿ, ಪ್ರೀಮೋಗೆ 135.

ಮಣಿಸರ:
ಪ್ರೀಮೋ. ಥರ್ಮಾಮೀಟರ್ ಇದೆ ಸರ್, 135 ತೋರಿಸುತ್ತದೆ.

ಓವನ್‌ಪ್ರಿಯ:
ಹಾಗಾದರೆ ಹೊತ್ತು ಸಾಲಲಿಲ್ಲ. 6 ಮಿ.ಮೀ. ದಪ್ಪಕ್ಕೆ ಅರ್ಧ ಗಂಟೆ. ಮಣಿ ದಪ್ಪ ಇದ್ದರೆ ಇನ್ನೂ ಜಾಸ್ತಿ. ಮತ್ತೆ ಬೇಯಿಸಿ.

ನೂಲೆಳೆ:
ಬೇಯದ ಮಣಿ ಪುಡಿಪುಡಿ ಆಗುತ್ತದೆ, ಮುರಿಯುತ್ತದೆ. ಚೆನ್ನಾಗಿದ್ದದ್ದು ಆಮೇಲೆ ಅಂಟುವುದು ಬೇರೆ ಕಥೆ. ಹೊಳಪಿಗೆ ಏನು ಹಚ್ಚಿದಿರಿ?

ಓವನ್‌ಪ್ರಿಯ:
ಅದೆಲ್ಲ ಆಮೇಲೆ. ಮೊದಲು ಬೇಯಿಸಲಿ.

ಬಣ್ಣದಡಬ್ಬಿ:
ಅಡುಗೆ ಓವನ್‌ನಲ್ಲೇ ಬೇಯಿಸುತ್ತೀರಾ? ಕ್ಲೇ ಅಂದರೆ ಪಿವಿಸಿ ಪ್ಲಾಸ್ಟಿಕ್ ರೀ. ಸೀದರೆ ಹೈಡ್ರೋಜನ್ ಕ್ಲೋರೈಡ್ ಅನ್ನೋ ವಿಷದ ಹೊಗೆ ಬರುತ್ತದೆ.

ಓವನ್‌ಪ್ರಿಯ:
ಸೀಯಿಸಿದರೆ ತಾನೇ! ಹೇಳಿದ ಶಾಖದಲ್ಲಿ ಇಟ್ಟರೆ ಯಾಕೆ ಸೀಯುತ್ತದೆ?

ಬಣ್ಣದಡಬ್ಬಿ:
ಆದರೂ ರೊಟ್ಟಿ ಸುಡುವ ಓವನ್‌ನಲ್ಲಿ ನಾನಂತೂ ಇಡುವುದಿಲ್ಲ.

ಮಣಿಸರ:
ಓವನ್ ಜಗಳ ಸಾಕು ಮಾಡ್ತೀರಾ? ಹೊಳಪಿಗೆ ಬಣ್ಣವಿಲ್ಲದ ನೇಲ್ ಪಾಲಿಷ್. ಎಲ್ಲರೂ ಅದನ್ನೇ ಹಚ್ಚುತ್ತಾರೆ ಅಲ್ವಾ?

ನೂಲೆಳೆ:
ಸಿಕ್ಕಿತು ನೋಡಿ. ಕ್ಲೇ ಮೆತ್ತಗಿರಲಿ ಅಂತ ಪಿವಿಸಿಗೆ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ನೇಲ್ ಪಾಲಿಷ್‌ನ ದ್ರಾವಕ ಕ್ಲೇಯನ್ನೂ ಮೆತ್ತಗೆ ಮಾಡುತ್ತದೆ. ಪ್ಲಾಸ್ಟಿಸೈಜರ್ ಮೇಲಿನ ಪಾಲಿಷ್ ಪದರಕ್ಕೆ ಸೇರಿದರೆ ಆ ಪದರವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಕೆಲವು ಸ್ಪ್ರೇ ವಾರ್ನಿಷ್‌ಗಳದೂ ಇದೇ ಪಾಡು. ಹತ್ತಿಗೆ ಸ್ವಲ್ಪ ಅಸಿಟೋನ್ (ನೇಲ್ ಪಾಲಿಷ್ ಕರಗಿಸುವ ದ್ರವ) ಹಾಕಿ ಬೇಗ ಒರೆಸಿ. ತಡ ಮಾಡಿದರೆ ಕ್ಲೇ ಕೂಡ ಕರಗುತ್ತದೆ, ಹಾಗಾಗಿ ಒಂದೇ ಮಣಿ ಮೇಲೆ ಮೊದಲು ನೋಡಿ. ಆಮೇಲೆ ನೀರು ಹಾಕಿ 400, 600, 800, 1000 ನಂಬರಿನ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಜೀನ್ಸ್ ಬಟ್ಟೆಯಲ್ಲಿ ತಿಕ್ಕಿ. ವಾರ್ನಿಷ್ ಬೇಕೇ ಬೇಕಾದರೆ ಪಾಲಿಮರ್ ಕ್ಲೇಗೆ ಆಗುವ ನೀರಿನ ವಾರ್ನಿಷ್ ತೆಗೆದುಕೊಳ್ಳಿ. ಒಳಗೇ ಮೆತ್ತಗಾದ ಮಣಿಗಳ ಆಸೆ ಬಿಡಿ.

ಓವನ್‌ಪ್ರಿಯ:
ನನ್ನ ಓಲೆಗಳಿಗೂ ನೇಲ್ ಪಾಲಿಷ್ ಹಚ್ಚಿದ್ದೇನೆ. ಏನೂ ಆಗಿಲ್ಲ. ಚೆನ್ನಾಗಿ ಬೇಯಿಸಿದ್ದೇನೆ, ಅದಕ್ಕೇ.

ನೂಲೆಳೆ:
ಎಲ್ಲಾ ಪಾಲಿಷ್ ಒಂದೇ ಥರ ಇರುವುದಿಲ್ಲ ಸರ್. ಕಾದು ನೋಡಿ.

ಮಣಿಚಕ್ರ:
ಕೈಯಲ್ಲಿ ಯಾರು ಉಜ್ಜುತ್ತಾರೆ? ನಾನು ಕಲ್ಲು ಪಾಲಿಷ್ ಮಾಡುವ ಟಂಬ್ಲರ್‌ಗೆ ಹಾಕಿಬಿಡುತ್ತೇನೆ. ಕ್ಲೇ ಹದ ಮಾಡಲು ಹಿಡಿ ತಿರುಗಿಸಿ ಲಟ್ಟಿಸುವ ಪಾಸ್ತಾ ಮೆಷಿನ್‌ಗೆ ಮೋಟಾರ್ ಕೂರಿಸಿದ್ದೇನೆ. ಎರಡೂ ಕೈ ಖಾಲಿ! ಫೋಟೋ ಹಾಕಲಾ?

ಮಣಿಸರ:
ನೂಲೆಳೆ ಅಕ್ಕಾ, ಸರ ಬಿಚ್ಚದೆ ಹಾಗೇ ಒರೆಸಬಹುದಾ? ನಡುವೆ ಲೋಹದ ಬಣ್ಣ ಬಳಿದ ಪ್ಲಾಸ್ಟಿಕ್ ಮಣಿಗಳೂ ಇವೆ.

ಬಣ್ಣದಡಬ್ಬಿ:
ಮೋಟಾರ್ ಫೋಟೋ ಹಾಕಿ ಸರ್. ಹಿಡಿ ತೆಗೆದು ಹಾಕಬೇಕಾ, ಹಾಗೇ ಕೂರುತ್ತಾ?