ಸಹಾಯ ಬೇಕು: ತಂಗಿಗೆ ಹೆಪಟೈಟಿಸ್ ಬಿ, ಹೆರಿಗೆಗೆ ಇನ್ನು ಐದೇ ವಾರ

ಎಲ್ಲರಿಗೂ ನಮಸ್ಕಾರ. ತಂಗಿ ಬಾಣಂತನಕ್ಕೆ ದಾವಣಗೆರೆಗೆ, ನಮ್ಮ ಮನೆಗೆ ಬಂದಿದ್ದಾಳೆ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಇದೆ ಅಂತ ಗೊತ್ತಾಯಿತು.

ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸಲೇಬೇಕು, ಜೊತೆಗೆ 12 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ (ಈ ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ) ಇಂಜೆಕ್ಷನ್ ಕೊಡಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. ಆದರೆ ಆ ಇಂಜೆಕ್ಷನ್ ಮೂರು ಮೆಡಿಕಲ್ ಶಾಪ್ ಸುತ್ತಿದರೂ ಸಿಗಲಿಲ್ಲ. ದಾವಣಗೆರೆ, ಹರಿಹರ ಕಡೆ ಯಾರಾದರೂ ತರಿಸಿದ್ದೀರಾ? ಎಷ್ಟು ದಿನ ಮೊದಲು ಹೇಳಿಡಬೇಕು? ರಾತ್ರಿ ಹೊತ್ತು ಹೆರಿಗೆಯಾದರೆ ಏನು ಮಾಡೋದು ಅನ್ನೋದೇ ನನ್ನ ಚಿಂತೆ.

ಇನ್ನೊಂದು ವಿಷಯ. ಅಜ್ಜಿ ಅವಳ ಲೋಟಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟು ಬೇರೆ ಮಾಡಿದ್ದಾರೆ. ತಂಗಿ ಏನೂ ಮಾತಾಡದೆ ಅದನ್ನು ತೊಳೆದು ಕಿಟಕಿ ಹತ್ತಿರ ಇಡುತ್ತಾಳೆ. ನೋಡೋಕೆ ಆಗಲ್ಲ. ಜೊತೆಗೆ ಕೂತು ಉಂಡರೆ ಇದು ಹರಡಲ್ಲ ಅಲ್ವಾ, ರಕ್ತದಿಂದ ತಾನೇ ಬರೋದು? ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ನೇಲ್ ಕಟರ್ ಬೇರೆ ಇಟ್ಟಿದ್ದೇವೆ. ನಾವೆಲ್ಲ ಪರೀಕ್ಷೆ ಮಾಡಿಸಿ ಮೊದಲ ಡೋಸ್ ಹಾಕಿಸಿಕೊಂಡಿದ್ದೇವೆ. ಇನ್ನೆರಡು ಡೋಸ್ ಒಂದನೇ ಮತ್ತು ಆರನೇ ತಿಂಗಳಿಗೆ. ಲೋಟ ಬೇರೆ ಮಾಡೋದು ಬೇಡ ಅಂದರೆ ಅಜ್ಜಿ ಮಾತ್ರ ಒಪ್ಪುತ್ತಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಹೇಗೆ ತಿಳಿಸಿ ಹೇಳಿದಿರಿ? ದಯವಿಟ್ಟು ಬರೆಯಿರಿ.